ಎಲ್ಲದಕ್ಕೂ ಹೌದು

"ಏಯ್, ಆ ನಾರೋ ಕೈ ಹಿಂದಕ್ಕೆ ತಗೊಳ್ಳೇ ಮುಂಡೇದೇ! ಮೇಡಂ ಬಟ್ಟೆಗೆ ತಾಗುತ್ತೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆ ಕೈಯಲ್ಲಿ ಮೀನಿತ್ತು, ಇನ್ನೊಂದರಲ್ಲಿ ಕತ್ತಿ. ಮೀನು ಮಾರುವವಳ ಕೈ ಮಲ್ಲಿಗೆಯಂತೆ ಘಮಘಮಿಸಬೇಕೆಂದು ನಮ್ಮ ಮಾರ್ಕೆಟ್ ಸೂಪರ್‌ವೈಸರ್ ಸಾಹೇಬರಿಗೆ ಅವತ್ತೇ ಹೊಳೆದಿತ್ತು.

ಬೆನ್ನ ಹಿಂದೆ ನಾವು ಅವನನ್ನು ಬೀಗಪ್ಪ ಅನ್ನುತ್ತೇವೆ. ಇಡೀ ಮಾರ್ಕೆಟ್ಟಿಗೆ ಇರುವುದು ಒಂದೇ ನಲ್ಲಿ. ಅದಕ್ಕೊಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ಅವನ ಸೊಂಟದಲ್ಲಿ. ದಿನಕ್ಕೊಂದು ಸಲ ಅವನ ಸ್ಕೂಟರಿನ ಸ್ನಾನಕ್ಕೆ ತೆರೆಯುತ್ತದೆ. ನಾವು ಕೇಳಿದರೆ ಮಾತ್ರ ನೀರು ಪೋಲಾಗುತ್ತದೆ. ಹಾಗಾಗಿ ಮನೆಯಿಂದಲೇ ಎರಡು ಕೊಡ ಹೊತ್ತು ತರುತ್ತೇವೆ. ಮೊದಲ ಪಾಲು ಮೀನಿಗೆ, ಉಳಿದರೆ ಗಂಟಲಿಗೆ. ಕೈಗೆ ಸೆರಗಿದೆಯಲ್ಲ.

ಅವತ್ತು ಬೀಗ ತೆಗೆದಿತ್ತು. ನಲ್ಲಿಗೆ ಹೊಸ ಬಣ್ಣ. ಪಕ್ಕದಲ್ಲೊಂದು ಹೊಸ ಸೋಪು, ಕಾಗದ ಬಿಚ್ಚದೆ. "ಯಾವಳಾದ್ರೂ ಮುಟ್ಟಿದ್ಲೋ, ಬೆರಳು ಮುರೀತೀನಿ" ಎಂದು ಬೆಳಿಗ್ಗೆಯೇ ಹೇಳಿದ್ದ.

ಯಾಕೆಂದರೆ ಸಂಶೋಧನೆ ಬಂದಿತ್ತು. ಹಳೇ ಮಾರ್ಕೆಟ್ಟುಗಳಲ್ಲಿ ಕೂತು ಮಾರುವವರಿಗೆ ಆಹಾರ ಸುರಕ್ಷತೆಯ ಜ್ಞಾನ ಎಷ್ಟಿದೆ, ಆಚರಣೆ ಎಷ್ಟಿದೆ ಎಂದು ಅಳೆಯಲು ಒಬ್ಬ ಮೇಡಂ ಬಂದಿದ್ದರು. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಎದೆಗವಚಿಕೊಂಡ ಒಂದು ರಟ್ಟು, ಅದರ ಮೇಲೆ ಮೂವತ್ತು ಪ್ರಶ್ನೆ. ಉತ್ತರ ಬರೀ ಹೌದು ಅಥವಾ ಇಲ್ಲ.

ಹಿಂದಿನ ದಿನ ಬೀಗಪ್ಪ ನಮ್ಮನ್ನೆಲ್ಲ ಕುರಿಗಳಂತೆ ಗುಡ್ಡೆ ಹಾಕಿಕೊಂಡು ಪಾಠ ಮಾಡಿದ್ದ. "ಏನ್ ಕೇಳಿದ್ರೂ ಹೌದು ಅನ್ಬೇಕು. ಒಬ್ಬಳ ಬಾಯಲ್ಲಿ ಇಲ್ಲ ಅಂತ ಬಂತೋ, ಅವಳ ಹಲಗೆ ಅವತ್ತೇ ಬೀದೀಲಿರುತ್ತೆ."

ಮೊದಲು ನಮ್ಮತ್ತೆಯ ಸರದಿ. ಮೀನು ಹರಡಿ ಮಾರಲು ನಮ್ಮಿಬ್ಬರಿಗೂ ಒಂದೇ ಹಲಗೆ. ನನ್ನ ಗಂಡ ಹೋದ ಮೇಲೆ ಮನೆಯ ಒಲೆ ಉರಿಯುತ್ತಿರುವುದು ಆ ಹಲಗೆಯಿಂದಲೇ.

"ಪ್ರತಿ ಸಲ ಕೈ ತೊಳೀತೀರಾ?"

"ಹೌದವ್ವಾ."

"ಸೋಪು ಹಾಕಿ?"

"ಹೌದು."

"ಕೈಗೆ ಗಾಯ ಆಗಿದ್ರೆ ಗ್ಲೌಸ್ ಹಾಕ್ತೀರಾ?"

"ಹೌದು" ಎಂದು ಅತ್ತೆ ಚಿಂದಿ ಸುತ್ತಿದ ಹೆಬ್ಬೆರಳಿನ ಕೈಯಲ್ಲೇ ನೊಣ ಓಡಿಸಿದಳು. ಮೇಡಂ ತಲೆ ಎತ್ತದೆ ಟಿಕ್ ಹಾಕಿದರು. ಬೀಗಪ್ಪನ ಮುಖ ಊರಗಲವಾಯಿತು.

"ನಿನ್ನೆ ಉಳಿದು ಕೆಟ್ಟಿರೋ ಮೀನನ್ನ ಇವತ್ತಿನದ್ರ ಜೊತೆ ಬೆರೆಸಿ ಮಾರ್ತೀರಾ?"

"ಹೌದು."

ಬೀಗಪ್ಪ ಕೆಮ್ಮಿದ.

"ತಿಂದ್ರೆ ಕಾಯಿಲೆ ಬರುತ್ತೆ ಅಂತ ಗೊತ್ತಿದ್ದೂ ಮಾರಿದ್ದೀರಾ?"

ಕೆಮ್ಮು ಜೋರಾಯಿತು. ಸಾಹೇಬರು ಹುರಿದುಂಬಿಸುತ್ತಿದ್ದಾರೆಂದು ತಿಳಿದ ಅತ್ತೆ ಇನ್ನೂ ಗಟ್ಟಿಯಾಗಿ, "ಹೌದು, ಹೌದು!" ಎಂದಳು.

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ, ಒತ್ತಿದ ಕುಳಿ ಮೇಲೇಳದಿದ್ದರೆ ಮೀನನ್ನು ಮಣ್ಣು ಮಾಡುವ ಹೆಂಗಸು ಅವಳು. ಒಂದು ಸಲ ಬುಟ್ಟಿಗೆ ಬುಟ್ಟಿಯನ್ನೇ ಹೂತು ಬಂದು, ಮೊಮ್ಮಕ್ಕಳಿಗೆ ಇದ್ದ ಗಂಜಿ ಬಡಿಸಿ, ತಾನು ತಣ್ಣೀರು ಕುಡಿದಿದ್ದಳು. ಅಂಥವಳು ಜನಕ್ಕೆ ವಿಷ ಹಾಕುವವಳೆಂದು ಕಾಗದದ ಮೇಲೆ ಬಂತು, ಅದೂ ಅವಳ ಬಾಯಿಂದಲೇ.

"ಜ್ಞಾನ ಇಲ್ಲ ಮೇಡಂ ಈ ಜನಕ್ಕೆ" ಎಂದ ಬೀಗಪ್ಪ. "ನೋಡಿ, ನಲ್ಲಿ ಕೊಟ್ಟಿದೀವಿ, ಸೋಪು ಕೊಟ್ಟಿದೀವಿ. ಏನ್ ಮಾಡಿದ್ರೂ ನಾಯಿ ಬಾಲ ಡೊಂಕೇ."

ಮೇಡಂ ಅದನ್ನೂ ಬರೆದುಕೊಂಡು ನನ್ನ ಕಡೆ ತಿರುಗಿದರು. "ಪ್ರತಿ ಸಲ ಕೈ ತೊಳೀತೀರಾ?"

"ಇಲ್ಲ."

ಸಾಲಿನುದ್ದಕ್ಕೂ ಕತ್ತಿಯ ಸದ್ದು ನಿಂತಿತು.

"ಯಾಕೆ? ತೊಳೀಬೇಕು ಅಂತ ಗೊತ್ತಿಲ್ವಾ?"

"ಗೊತ್ತು. ನಲ್ಲೀಗೆ ಬೀಗ ಜಡಿದು ಸ್ಕೂಟರ್ ತೊಳೆಯೋ ಆ ಬೇವರ್ಸಿಗೆ ಗೊತ್ತಾ ಕೇಳಿ. ನೀವು ಬಂದಿದೀರಿ ಅಂತ ಇವತ್ತು ಬೀಗ ತೆಗ್ದಿರೋದು. ನಮ್ಮತ್ತೆ ಹೇಳಿದ್ದೆಲ್ಲ ಹೊಡೆದ್ಹಾಕಿ ಮೇಡಂ. ಎಲ್ಲದಕ್ಕೂ ಹೌದು ಅನ್ನಿ ಅಂತ ಬಾಯಿಪಾಠ ಮಾಡ್ಸಿದ್ದು ಇವನೇ."

"ಬರೆದಿದ್ದನ್ನ ತಿದ್ದೋಕೆ ಬರಲ್ಲಮ್ಮ. ಡೇಟಾ ಕೆಡುತ್ತೆ."

"ಕೆಟ್ಟಿದ್ರೆ ಎಸೀರಿ. ನಾವು ಹಾಗೇ ಮಾಡೋದು."

ಬೀಗಪ್ಪನಿಗೆ ಅಷ್ಟು ಸಾಕಾಯಿತು. ಹಲಗೆಗೆ ಒದ್ದ. ಮೀನೆಲ್ಲ ಚರಂಡಿ ಸೇರಿತು. ಅವನ ಇಬ್ಬರು ಆಳುಗಳು ಹಲಗೆಯನ್ನು ಎತ್ತಿಕೊಂಡು ಹೋಗಿ ಬೀದಿಗೆಸೆದರು. "ಹೌದು ಅನ್ನೇ, ನಿನ್ನ ಕಾಲಿಗೆ ಬೀಳ್ತೀನಿ, ಅನ್ನ ಹೋಗುತ್ತೆ ಕಣೇ" ಎಂದು ಅತ್ತೆ ನನ್ನ ತೋಳು ಜಗ್ಗಿದಳು. ನನಗೂ ಭಯವಿತ್ತು. ಆದರೂ ಹಲಗೆಯಿದ್ದ ಒದ್ದೆ ಕಲ್ಲಿನ ಮೇಲೆಯೇ ಕೂತುಬಿಟ್ಟೆ.

"ಎರಡನೇದು ಕೇಳಿ ಮೇಡಂ" ಎಂದೆ.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ತಾವು ಬಂದ ಗಾಡಿಯ ಕಡೆ ನೋಡಿದರು. ಅಷ್ಟರಲ್ಲಿ ಅತ್ತೆ ಚರಂಡಿಯಲ್ಲಿದ್ದ ಮೀನನ್ನೊಮ್ಮೆ ನೋಡಿದಳು, ಬೀದಿಯಲ್ಲಿದ್ದ ಹಲಗೆಯನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಲೋಳೆ ಮೆತ್ತಿದ ಕೈಯಲ್ಲೇ ಮೇಡಂ ಅವರ ರಟ್ಟಿನ ತುದಿ ಹಿಡಿದುಕೊಂಡಳು.

"ನನ್ನನ್ನೂ ಮೊದಲಿಂದ ಕೇಳು ತಾಯಿ. ಕೇಳೋವರೆಗೂ ಬಿಡಲ್ಲ."