ಮೈಗೆ ಹಾಕಿದ ಹೊಲಿಗೆ

"ನಿನ್ನ ಬಟ್ಟೆ ಬಿಚ್ಚಿ ನೋಡೋಕೆ ಒಪ್ಪಿಗೆ ಇದೆಯಾಮ್ಮ? ಇದೆ ಅನ್ನೇ, ಬೇವರ್ಸಿ ಮುಂಡೆ!"

ವಾರ್ಡರ್ ಗಂಗಲಕ್ಷ್ಮಮ್ಮ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮೊದಲು ಬರೀ ಮುಂಡೆ ಇತ್ತು. ನೊಂದ ಹೆಂಗಸರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಇಂದಿರಾನಗರದ ಮೇಡಂ ಒಬ್ಬರು ಬಂದು ಜೈಲಿನವರಿಗೆ ಪಾಠ ಮಾಡಿ ಹೋದ ಮೇಲೆ ಒಪ್ಪಿಗೆಯೂ ಸೇರಿಕೊಂಡಿತು. ಒಪ್ಪದಿದ್ದರೆ ಮಕ್ಕಳ ಭೇಟಿ ರದ್ದು.

ಜಟ್ಟೆಮ್ಮ ಹೋದ ಸಲ ಒಪ್ಪಿರಲಿಲ್ಲ. ಬೈಯಪ್ಪನಹಳ್ಳಿಯಿಂದ ಚಿಕ್ಕಮ್ಮನ ಕೈಹಿಡಿದು ಬಂದಿದ್ದ ಮಗಳು ಸೌಂದರ್ಯಾ ಗೇಟಿನಿಂದಲೇ ಅಳುತ್ತ ವಾಪಸ್ಸಾಗಿದ್ದಳು. ಕಂಪ್ಯೂಟರ್ ಕಂಪನಿಯ ಕಟ್ಟಡದ ಗಾರೆ ಕೆಲಸದಲ್ಲಿ ಮೈಮೇಲೆ ಕೈ ಹಾಕಿದ ಮೇಸ್ತ್ರಿಯ ತಲೆಯನ್ನು ಕರಣೆಯಿಂದ ಒಡೆದು ಒಳಗೆ ಬಂದವಳು ಜಟ್ಟೆಮ್ಮ. ಇಲ್ಲಿಯೂ ಕೈ ಹಾಕುತ್ತಾರೆ, ಕರಣೆ ಮಾತ್ರ ಕೊಡುವುದಿಲ್ಲ.

ಅದಕ್ಕೇ ಈ ಸಲ ಬುದ್ಧಿ ಓಡಿಸಿದ್ದಳು, ಇದ್ದಷ್ಟು ಬುದ್ಧಿ. ಪುನರ್ವಸತಿಗೆಂದು ನಡೆಸುವ ಹೊಲಿಗೆ ಕ್ಲಾಸಿನಲ್ಲಿ, ಶಿವಾಜಿನಗರದ ಕೈದಿ ಸುರಯ್ಯಾಳನ್ನು ಅಡ್ಡ ನಿಲ್ಲಿಸಿಕೊಂಡು, ರವಿಕೆ, ಸೀರೆ, ಲಂಗ ಮೂರನ್ನೂ ಮೈಮೇಲೆಯೇ ಒಟ್ಟಿಗೆ ಹೊಲಿದುಕೊಂಡಳು. ಕಾಲುಗಳ ನಡುವೆಯೂ ಹೊಲಿದಳು. ಕೊನೆಯ ಗಂಟು ಬಿದ್ದ ಮೇಲೆ ನೆನಪಾಯಿತು.

"ಯಕ್ಕಾ, ಈಗ ಉಚ್ಚಿ ಹೆಂಗ ಹೊಯ್ಯಲಿ?"

ಸುರಯ್ಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. "ಅರೇ ಪಗಲಿ, ಅದ್ನ ಮೊದ್ಲು ಯೋಚ್ನೆ ಮಾಡ್ಬೇಕಲ್ವಾ?"

"ನನ್ನ ತಲ್ಯಾಗ ಬರೇ ಸಿಮಿಟ್ ತುಂಬ್ಯಾದ ನೋಡು."

ಈಗ ಗಂಗಲಕ್ಷ್ಮಮ್ಮ ಸೆರಗು ಹಿಡಿದು ಎಳೆದಳು. ಸೆರಗಿನ ಜೊತೆ ಜಟ್ಟೆಮ್ಮನೂ ಬಂದಳು.

"ಏನೇ ಇದು, ಲೌಡಿ?"

"ನೀವ ಕಲಿಸಿದ ಹೊಲಿಗಿರೀ ಅಕ್ಕಾರ. ಸೊಟ್ಟ ಅದ, ಆದ್ರ ಬಿಚ್ಚಂಗಿಲ್ಲ."

"ಕತ್ತರಿ ತಗೊಂಬನ್ರೇ ಯಾರಾದ್ರೂ!" ಗಂಗಲಕ್ಷ್ಮಮ್ಮ ಬಾಗಿಲಿಗೆ ಹೋಗಿ ಕೂಗಿದಳು.

ಜಟ್ಟೆಮ್ಮ ಎದುರಿನ ಬಾಗಿಲಿನಿಂದ ಭೇಟಿಯ ಕೋಣೆಗೆ ಹೊರಟಳು. ಓಡೋಣವೆಂದರೆ ಕಾಲು ಬಿಡಿಸಿಕೊಳ್ಳಬೇಕಲ್ಲ! ಕಾಲು ಕಟ್ಟಿದ ಕೋಳಿಯಂತೆ ಕುಪ್ಪಳಿಸಿದಳು, ಮುಗ್ಗರಿಸಿ ಬಿದ್ದಳು, ಎದ್ದು ತನ್ನ ಅವತಾರಕ್ಕೆ ತಾನೇ ನಕ್ಕಳು.

ಜಾಲರಿಯಾಚೆ ಸೌಂದರ್ಯಾಳೂ ನಕ್ಕಳು. "ಯವ್ವಾ, ಯಾಕ ಹಂಗ ಜಿಗಿಯಾಕತ್ತೀ?"

"ನೀ ಬಂದೀ ಅಂತ ಕುಣಿಯಾಕತ್ತೀನಿ."

ಎರಡೂ ಕೈಯಿಂದ ಜಾಲರಿ ಹಿಡಿದಳು.

ಬೆನ್ನ ಹಿಂದೆ ಬೂಟುಗಳು ಬಂದು ನಿಂತವು. ಪಾದದ ಹತ್ತಿರ ಕತ್ತರಿ ತಣ್ಣಗೆ ತಾಗಿತು. ಕರಕರ ಸದ್ದು ಮೇಲೇರತೊಡಗಿತು. ಮಗಳ ನಗು ನಿಂತಿತು.

"ಕೆಳಗ ನೋಡಬ್ಯಾಡ, ನನ್ನ ಮಾರಿ ನೋಡು," ಎಂದಳು ಜಟ್ಟೆಮ್ಮ. "ಸಾಲ್ಯಾಗ ಏನ್ ಕಲಿಸ್ಯಾರ? ಹೇಳವ್ವಾ. ಜೋರಾಗಿ ಹೇಳು."