ಅಳಿಸಿದ ಅರ್ಧ ಸೆಕೆಂಡು

ವೀಕ್ಷಣಾಲಯದಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಒಡಹುಟ್ಟಿದ ತಮ್ಮ ಮಾತ್ರ ಒಬ್ಬನೇ. ಅವನು ಆಸ್ಪತ್ರೆಯಲ್ಲಿದ್ದ. ಹೆಚ್ಚೆಂದರೆ ಇನ್ನೆರಡು ದಿನ ಎಂದು ಡಾಕ್ಟರು ಬೆಳಿಗ್ಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಅಕ್ಕ ಮಾತ್ರ ಕಚೇರಿಯ ಬೀರುವಿನ ಮುಂದೆ ನೆಲದ ಮೇಲೆ ಕೂತು ಹಳೆಯ ಪುಸ್ತಕಗಳನ್ನು ಎಳೆದೆಳೆದು ಹಾಕುತ್ತಿದ್ದಳು.

ಅದೇ ಬೆಳಿಗ್ಗೆ ಹೊರದೇಶದಿಂದ ಪತ್ರ ಬಂದಿತ್ತು. ಒಂದು ಕ್ಷುದ್ರಗ್ರಹದ ಸುತ್ತ ಪುಟ್ಟ ಚಂದ್ರನೊಂದು ಸುತ್ತುತ್ತಿದೆ, ಹದಿನಾರು ವರ್ಷದ ಹಿಂದೆ ನೀವೂ ಆ ಕ್ಷುದ್ರಗ್ರಹವನ್ನು ಗಮನಿಸಿದ್ದಿರಲ್ಲ, ದಾಖಲೆ ಏನಾದರೂ ಉಂಟೇ ಎಂದು.

ಆ ಚಂದ್ರನನ್ನು ಅಂದೇ ಕಂಡವನು ತಮ್ಮ. ರೇಡಿಯೋ ರಿಪೇರಿ ಮಾಡುವವನು, ಆಕಾಶದ ಹುಚ್ಚು. ಆ ರಾತ್ರಿ ಕ್ಷುದ್ರಗ್ರಹವೆಂಬ ಆ ಕಲ್ಲುಂಡೆ ನಕ್ಷತ್ರವೊಂದರ ಮುಂದೆ ಹಾಯುವಾಗ ನಕ್ಷತ್ರ ಏಳು ಸೆಕೆಂಡು ಮರೆಯಾಗುವುದಿತ್ತು. ಅಕ್ಕ ಇಲ್ಲಿ ಕ್ಯಾಮೆರಾ ನೋಡಿಕೊಂಡಳು. ಅವನು ಮೂರು ಕಿಲೋಮೀಟರ್ ಆಚೆ, ಶಾಲೆಯ ತಾರಸಿಯ ಮೇಲೆ ಸಣ್ಣ ದೂರದರ್ಶಕ ಇಟ್ಟುಕೊಂಡು ಕೂತ. ನಕ್ಷತ್ರ ಮರೆಯಾದಾಗ "ಹೋಯ್ತು", ಕಂಡಾಗ "ಬಂತು" ಎಂದು ಟೇಪ್‌ರೆಕಾರ್ಡರಿಗೆ ಹೇಳುವುದು ಅವನ ಕೆಲಸ.

"ಅಕ್ಕಾ, ಬಂದ್ಮೇಲೆ ಹನ್ನೊಂದು ಎಣಿಸೋಷ್ಟರಲ್ಲಿ ಇನ್ನೊಂದ್ಸಲ ಹೋಯ್ತು. ಅರ್ಧ ಸೆಕೆಂಡು ಅಷ್ಟೇ. ಆ ಕಲ್ಲಿಗೊಂದು ಚಂದ್ರ ಇದೆ ಕಣೇ."

"ಯಾವುದೋ ಹಕ್ಕಿ ಅಡ್ಡ ಬಂದಿರುತ್ತೆ ಬಿಡೋ," ಎಂದಳು ಅಕ್ಕ, ವೀಕ್ಷಣಾಲಯದ ಎಲ್ಲರೆದುರಿಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಟೇಪನ್ನು ಕೇಳಲೂ ಇಲ್ಲ. ಅಂದಿನಿಂದ ಅವನಿಗೆ ಹಕ್ಕಿ ಎಂದೇ ಹೆಸರಾಯಿತು. ಅವನೂ ನಕ್ಕ. ದೂರದರ್ಶಕವನ್ನು ಅಟ್ಟಕ್ಕೆ ಹಾಕಿದವನು ಮತ್ತೆ ಇಳಿಸಲಿಲ್ಲ. ಟೇಪು ಯಾವತ್ತೋ ಹಾಳಾಯಿತು.

ಕ್ಯಾಮೆರಾದ ಅಂಕಿಗಳಲ್ಲಿ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಬೆಳಕು ತಗ್ಗಿದ್ದರೆ ಅದನ್ನು ಮೋಡವೆಂದು ಅಳಿಸಬೇಕು. ಅದು ಅಕ್ಕನದೇ ಕಟ್ಟಳೆ. ಅಳಿಸಿದ್ದರ ಸಮಯವನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೂ ಅವಳದೇ. ಆ ವರ್ಷದ ಪುಸ್ತಕ ಈಗ ಕೈಗೆ ಸಿಕ್ಕಿತು. ಅವಳದೇ ದುಂಡು ಅಕ್ಷರ: ನಕ್ಷತ್ರ ಮರಳಿ ಹನ್ನೊಂದು ಸೆಕೆಂಡಿಗೆ, ಅರ್ಧ ಸೆಕೆಂಡು ತಗ್ಗು. ಮೋಡ. ಅಳಿಸಿದೆ.

ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟಳು. ಮೂರು ಕಿಲೋಮೀಟರ್ ಅಂತರದ ಎರಡು ಕಡೆ ಒಂದೇ ಹಕ್ಕಿ ಒಟ್ಟಿಗೆ ಹಾರುವುದಿಲ್ಲ. ತಾನೂ ಅದನ್ನು ಕಂಡಿದ್ದಳು. ಕಂಡು, ಒರೆಸಿ, ತಮ್ಮನನ್ನು ನಗೆಪಾಟಲು ಮಾಡಿದ್ದಳು.

ಪುಸ್ತಕವನ್ನು ಎದೆಗವಚಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವನ ಉಸಿರೊಂದು ನಿಲ್ಲದಿರಲಿ ಎಂದು ಬೇಡಿಕೊಂಡಳು. ನಿಂತಿರಲಿಲ್ಲ. ಆದರೆ ಕಣ್ಣು ಮುಚ್ಚಿತ್ತು.

"ಬೆಳಿಗ್ಗೆಯಿಂದ ಎಚ್ಚರ ಇಲ್ಲಮ್ಮ," ಎಂದಳು ನರ್ಸು. "ಕೇಳಿಸುತ್ತೋ ಇಲ್ವೋ ಹೇಳಕ್ಕಾಗಲ್ಲ."

ಅಕ್ಕ ಅವನ ಕಿವಿಗೆ ಬಾಯಿಟ್ಟು ಆ ಸಾಲನ್ನು ಓದಿದಳು. ಮತ್ತೆ ಓದಿದಳು. "ಹಕ್ಕಿ ಅಲ್ಲ ಕಣೋ, ಚಂದ್ರನೇ. ನನ್ನ ತಪ್ಪು. ಕೇಳಿಸ್ತಾ?" ಮುಖ ಅಲ್ಲಾಡಲಿಲ್ಲ. ಅವಳಿಗೆ ಕೂಗಿ ಅಳಬೇಕೆನಿಸಿತು. ಅಳಲಿಲ್ಲ, ಅವನ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡಿದಳು.

"ಹೋಯ್ತು," ಎಂದಳು. ಏಳು ಸೆಕೆಂಡು ಕಾದಳು. "ಬಂತು."

ಆಮೇಲೆ ಮನಸ್ಸಿನಲ್ಲೇ ಎಣಿಸತೊಡಗಿದಳು. ಒಂಬತ್ತು. ಹತ್ತು. ಹನ್ನೊಂದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಅವನ ತೋರುಬೆರಳು ಅವಳ ಅಂಗೈಯನ್ನು ಒಮ್ಮೆ ಒತ್ತಿ ಬಿಟ್ಟಿತು.

"ಒತ್ತಿದ, ನೋಡಿದ್ರಾ?"

"ನರ ಸೆಳೆಯುತ್ತೆ ಅಮ್ಮ, ಎಲ್ಲರಿಗೂ ಹಾಗೆ ಆಗುತ್ತೆ," ಎಂದಳು ನರ್ಸು, ಮೆತ್ತಗೆ.

ಒತ್ತಿದ್ದು ಅರ್ಧ ಸೆಕೆಂಡೂ ಇದ್ದಿರಲಿಕ್ಕಿಲ್ಲ. ಅಕ್ಕ ಅವಳಿಂದ ಪೆನ್ನು ಕೇಳಿ ಪಡೆದು, ಹಳೆಯ ಸಾಲಿನ 'ಮೋಡ' ಎಂಬುದನ್ನು ಹೊಡೆದುಹಾಕಿದಳು. ಅದರ ಕೆಳಗೆ ಇವತ್ತಿನ ತಾರೀಖು, ಗಡಿಯಾರದ ಸಮಯ ಬರೆದು, ಮುಂದೆ ಬರೆದಳು: ತಮ್ಮ. ಅಳಿಸಬಾರದು.