ಎಣ್ಣೆಗೆ ಸಾಕ್ಷಿಯಾದ ಮುಖ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡ ಹೆಂಗಸರ ಶ್ರಾವಣದ ಭಜನೆ ದಿನವೂ ನಡೆಯುತ್ತಿತ್ತು. ವೇದಾವತಿ ಚಪ್ಪಲಿ ಬಿಡುತ್ತಿದ್ದಾಗ ವಿಜಯಪುರದ ಚಂದ್ರಬಾಯಿ ಕುಂಟುತ್ತ ಬಂದು ಸೀರೆ ತುಸು ಎತ್ತಿ ತೋರಿಸಿದಳು. ಮೊಣಕಾಲು ಸುಟ್ಟ ಬದನೆಕಾಯಿಯಂತೆ ಸುಲಿದು ಕೀವಾಗಿತ್ತು.

“ಅಯ್ಯೋ, ಇದೆಂತ ಮಾಡಿಕೊಂಡ್ರಿ?”

“ನೀವ ಹೇಳಿದ್ ಎಣ್ಣಿ ಹಚ್ಚೀನ್ರೀ ಅಕ್ಕಾರ. ಡಾಕ್ಟರ ಗುಳಿಗಿ ಬಿಟ್ಟೀನಿ.”

ಚಂದ್ರಬಾಯಿಯ ಮೊಬೈಲಿನಲ್ಲಿ ಮೊಣಕಾಲು ನೋವಿನ ಎಣ್ಣೆಯ ವೆಬ್‌ಸೈಟು. ಹಸಿರು ಸೀರೆಯುಟ್ಟು ನಗುತ್ತಿದ್ದವಳು ವೇದಾವತಿಯೇ! ಮೊಮ್ಮಗಳ ನಾಮಕರಣದ ಫೋಟೊ. ಕೆಳಗೆ ಬೇರೆ ಹೆಸರಿನಲ್ಲಿ ‘ಮೂರೇ ವಾರದಲ್ಲಿ ಮೆಟ್ಟಿಲು ಹತ್ತಿದೆ, ಶಾರದಾಬಾಯಿ, ಕಲ್ಯಾಣ.’

“ಅದು ನಾನು ಹೇಳಿದ್ದಲ್ಲ. ಹಚ್ಚಬೇಡಿ.”

“ಫೋಟೊದಾಗಿನ ಮಾರಿ ನಿಮ್ದ ಐತಿ! ಒಳ್ಳೇ ಔಷಧ ಮುಚ್ಚಿಡತೀರೇನು?”

ವೇದಾವತಿ ಭಜನೆಗೆ ಕೂರದೆ, ಠಾಣೆಯಲ್ಲಿ ರೈಲು ಬದಲಿಸಿ ಖಾರಘರಕ್ಕೆ ಹೋದಳು. ಆ ಫೋಟೊ ತೆಗೆದಿದ್ದ ಮಗ ಕಮಲಾಕ್ಷನ ಆಫೀಸು ಅಲ್ಲಿತ್ತು. ಕ್ಲಿನಿಕ್ಕು, ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವ, ಚೆನ್ನಾಗಿ ಕುದುರಿದ ದಂಧೆ.

“ಫಾರಿನ್ ಮುಖ ಹಾಕಿದ್ರೆ ಜನ ನಂಬುದಿಲ್ಲ ಅಮ್ಮಾ. ನಮ್ಮವರ ಮುಖ ಬೇಕು. ನಿನ್ನದು ಎಷ್ಟು ಓಡ್ತದೆ ಗೊತ್ತುಂಟಾ? ತೋರಿಸು ಪ್ರೇಕ್ಷಾ.”

ಕಂಪ್ಯೂಟರಿನ ಮುಂದಿದ್ದ ಹುಡುಗಿ ನಗುತ್ತ ಒಂದೊಂದೇ ವೆಬ್‌ಸೈಟು ತೆರೆದಳು. ಒಂದರಲ್ಲಿ, ಠಾಣೆ ನಗರದ ದಂತವೈದ್ಯನಲ್ಲಿ ವೇದಾವತಿ ಹಲ್ಲು ಕಟ್ಟಿಸಿಕೊಂಡಿದ್ದಳು. ಕಳವಾ ಊರಿನ ಅಂಗಡಿಯೊಂದರ ಕಷಾಯದಿಂದ ಅವಳ ಸಕ್ಕರೆ ಕಾಯಿಲೆ ವಾಸಿಯಾಗಿತ್ತು. ಇನ್ನೊಂದರಲ್ಲಿ, ಸೊಸೆ ಬಸಿರಾಗುವಂತೆ ಮಾಡಿದ ಬಾಬಾನನ್ನು ಕೊಂಡಾಡುತ್ತಿದ್ದಳು. ಎಂಜಲೆಲೆಯ ಮೇಲೆ ತನ್ನನ್ನೇ ಮತ್ತೆ ಮತ್ತೆ ಬಡಿಸಿದಂತಾಯಿತು ಅವಳಿಗೆ.

“ನನ್ನ ಫೋಟೊ ಎಲ್ಲ ತೆಗಿ.”

“ಕ್ಲೈಂಟಿಗೆ ಕೇಳ್ಬೇಕು. ಸುಮ್ಮನೆ ತಲೆಬಿಸಿ ಮಾಡ್ಬೇಡ, ಚಾ ಕುಡಿ.”

ವೇದಾವತಿ ಅವನ ಚಹಾ ಮುಟ್ಟದೆ ಹೊರಟುಬಂದಳು.

ಮರುದಿನ ಮಂಗಳಾರತಿಗೆ ಮೊದಲು, ಚಂದ್ರಬಾಯಿಗೆ ಕೇಳಲೆಂದೇ ವೇದಾವತಿ ಎದ್ದು ನಿಂತಳು. “ಆ ಎಣ್ಣೆಯ ವೆಬ್‌ಸೈಟಿನಲ್ಲಿರುವ ಮುಖ ನನ್ನದು. ಮಾತು ನನ್ನದಲ್ಲ, ನನ್ನ ಮಗ ಬರೆದ ಸುಳ್ಳು. ನನಗೆ ಮೊಣಕಾಲು ನೋವು ಬಂದದ್ದೇ ಇಲ್ಲ.”

ಪಕ್ಕದಲ್ಲಿ ಕೂತಿದ್ದ ವಾರಿಜಾ ಅವಳ ಸೆರಗು ಜಗ್ಗಿದಳು. “ನಮ್ಮ ಮಗ ಪ್ರಥಮನ ಕ್ಯಾಟರಿಂಗಿಗೂ ಒಂದು ವೆಬ್‌ಸೈಟು ಮಾಡಿಸಿ ಕೊಡಿ ಅಕ್ಕಾ. ನಿಮ್ಮದೇ ಫೋಟೊ ಇರ್ಲಿ, ಒಳ್ಳೆ ಕಳೆ ಉಂಟು.”

ವೇದಾವತಿ ಸೆರಗು ಕಿತ್ತುಕೊಂಡಳು. ಬಾಗಿಲ ಬಳಿ ಚಂದ್ರಬಾಯಿ ಅಳುಮೋರೆ ಮಾಡಿಕೊಂಡು ಕೂತಿದ್ದಳು.

“ಮುಂಜಾನೆನೂ ಹಚ್ಚೀನ್ರೀ...”

“ಏಳಿ. ಡಾಕ್ಟರ ಹತ್ತಿರ ಹೋಗುವ.”

ರಿಕ್ಷಾ ತುಂಬ ಎಣ್ಣೆ, ಕೀವಿನ ಕಮಟು ವಾಸನೆ. ವೇದಾವತಿ ಮೂಗು ಮುಚ್ಚಿಕೊಳ್ಳಲಿಲ್ಲ.